ಆರೋಗ್ಯದ ಲೆಕ್ಕ ಮತ್ತು ಗಡಿನಾಡಿನ ನಾವು

ಶಾಲೆಯ ಸುವರ್ಣ ಮಹೋತ್ಸವದ ಈ ಸಂಚಿಕೆಯಲ್ಲಿ ಹಳೆಯ ನೆನಪುಗಳನ್ನು ಬರೆಯುವವರು ಅನೇಕರಿದ್ದಾರೆ. ಆದಕಾರಣ ಗಡಿನಾಡಿನ ಕನ್ನಡಿಗರ ಆರೋಗ್ಯಕ್ಕೆ ಸಂಬಂಧಿಸಿದ ಒಂದು ವಿಚಾರವನ್ನು ಓದುಗರ ಮುಂದಿಡಬಯಸುತ್ತೇನೆ.

ಅಂಕಪಟ್ಟಿ ಬರೆದ ಪ್ರತಿಯೊಬ್ಬ ಶಿಕ್ಷಕನೂ ಬಲ್ಲ ಮಾತೊಂದಿದೆ. ಪರೀಕ್ಷೆ ಬರೆದು ಸೊನ್ನೆ ಪಡೆದವನೂ ಪರೀಕ್ಷೆಗೇ ಬಾರದವನೂ ಒಂದಲ್ಲ. ಮೊದಲನೆಯವನ ಸ್ಥಿತಿ ನಮಗೆ ತಿಳಿದಿದೆ, ಎರಡನೆಯವನದು ತಿಳಿದಿಲ್ಲ. ರೋಗದ ಲೆಕ್ಕವೂ ಹಾಗೆಯೇ. ಊರಿನಲ್ಲಿ ರೋಗವಿಲ್ಲ ಎನ್ನುವುದು ಬೇರೆ. ಅಲ್ಲಿಗೆ ಯಾರೂ ಹೋಗಿ ನೋಡಿಲ್ಲ ಎನ್ನುವುದು ಬೇರೆ.

ಇಂದಿನ ಮಕ್ಕಳಿಗೆ ನಾರುಹುಣ್ಣೆಂಬ ಹೆಸರೇ ತಿಳಿಯದು. ಮೆಟ್ಟಿಲು ಬಾವಿಯ ನೀರನ್ನು ಸೋಸದೆ ಕುಡಿದವರ ಕಾಲಿನಿಂದ ಸುಮಾರು ಒಂದು ವರ್ಷದ ಬಳಿಕ ಎರಡು ಮೂರು ಅಡಿ ಉದ್ದದ ಹುಳು ಹೊರಬರುತ್ತಿತ್ತು. ಅದನ್ನು ದಿನಕ್ಕೆ ಇಷ್ಟಿಷ್ಟರಂತೆ ಕಡ್ಡಿಗೆ ಸುತ್ತಿ ಎಳೆಯಬೇಕಾಗಿತ್ತು. ಉರಿ ತಾಳಲಾರದೆ ರೋಗಿಯು ಬಾವಿಗೆ ಇಳಿದರೆ ಹುಳುವಿನ ಮರಿಗಳು ನೀರನ್ನು ಸೇರಿ ರೋಗ ಊರಿಗೆಲ್ಲ ಹಬ್ಬುತ್ತಿತ್ತು. ಅದಕ್ಕೆ ಲಸಿಕೆಯೂ ಇರಲಿಲ್ಲ, ಗುಣಪಡಿಸುವ ಔಷಧವೂ ಇರಲಿಲ್ಲ, ಇಂದಿಗೂ ಇಲ್ಲ.

1984ರ ಲೆಕ್ಕದಂತೆ ದೇಶದ ಏಳು ರಾಜ್ಯಗಳ 12,840 ಹಳ್ಳಿಗಳಲ್ಲಿ ಸುಮಾರು 40,000 ರೋಗಿಗಳಿದ್ದರು. ಅಂದಿನ ಆಂಧ್ರಪ್ರದೇಶ, ಕರ್ನಾಟಕ ಎರಡೂ ಆ ಏಳರಲ್ಲಿ ಸೇರಿದ್ದವು. ಔಷಧವಿಲ್ಲದ ಈ ರೋಗವನ್ನು ಗೆದ್ದದ್ದು ಶೋಧನೆಯಿಂದ, ಶುದ್ಧ ನೀರಿನಿಂದ. ಆರೋಗ್ಯ ಕಾರ್ಯಕರ್ತರು ವರ್ಷ ವರ್ಷವೂ ಹಳ್ಳಿ ಹಳ್ಳಿ ತಿರುಗಿ ರೋಗಿಗಳನ್ನು ಹುಡುಕಿದರು. ರೋಗಿಯ ಸುಳಿವು ಕೊಟ್ಟವರಿಗೆ ಬಹುಮಾನವನ್ನಿಟ್ಟರು. ಮೆಟ್ಟಿಲು ಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸಿದರು; ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸಿದರು; ಕೈಪಂಪುಗಳನ್ನು ಹಾಕಿದರು. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಈ ಕಾರ್ಯಕ್ಕೆ ನೆರವಾದವು.

ಕೊನೆಯ ರೋಗಿ ಕಂಡುಬಂದದ್ದು 1996ರ ಜುಲೈನಲ್ಲಿ, ರಾಜಸ್ಥಾನದ ಜೋಧಪುರ ಜಿಲ್ಲೆಯಲ್ಲಿ. ಆದರೂ ವಿಶ್ವ ಆರೋಗ್ಯ ಸಂಸ್ಥೆ ಒಡನೆಯೇ ಒಪ್ಪಲಿಲ್ಲ. ಮೂರು ವರ್ಷ ಹುಡುಕಿದರೂ ರೋಗಿ ಸಿಗದಿರಬೇಕು, ಹುಡುಕಿದ್ದಕ್ಕೆ ದಾಖಲೆಯಿರಬೇಕು ಎಂಬುದು ಅದರ ನಿಯಮ. 1999ರಲ್ಲಿ ಅಂತರರಾಷ್ಟ್ರೀಯ ತಜ್ಞರ ತಂಡ ಬಂದು ಪರಿಶೀಲಿಸಿತು. 2000ದ ಫೆಬ್ರವರಿಯಲ್ಲಿ ಭಾರತಕ್ಕೆ ಪ್ರಮಾಣಪತ್ರ ದೊರೆಯಿತು. ಅದು ಶೋಧಿಸಿ ಗಳಿಸಿದ ಸೊನ್ನೆ.

ನಮ್ಮ ದೇಶದ ಆರೋಗ್ಯವನ್ನು ಹೊರಗಿನವರೇಕೆ ಅಳೆಯಬೇಕೆಂದು ಕೇಳುವವರಿದ್ದಾರೆ. ಬಿಸಿಲಿನಲ್ಲಿ ತಿರುಗಿ ದುಡಿದವರು ನಮ್ಮವರೇ, ನಿಜ. ಆದರೆ ತನ್ನ ಉತ್ತರಪತ್ರಿಕೆಯನ್ನು ತಾನೇ ತಿದ್ದಿಕೊಂಡರೆ ಆ ಅಂಕಗಳನ್ನು ಯಾರು ನಂಬುತ್ತಾರೆ? 1986ರಲ್ಲಿ ಜಗತ್ತಿನಲ್ಲಿ ಅಂದಾಜು 35 ಲಕ್ಷವಿದ್ದ ನಾರುಹುಣ್ಣಿನ ರೋಗಿಗಳು 2024ರಲ್ಲಿ ಕೇವಲ 15. ಅನೇಕ ದೇಶಗಳು ಒಂದೇ ಅಳತೆಗೋಲಿಗೆ ತಲೆಬಾಗಿದ್ದರ ಫಲವಿದು. 2025ರ ಜನವರಿಯಲ್ಲಿ ಅಮೆರಿಕದ ಅಧ್ಯಕ್ಷರು ವಿಶ್ವ ಆರೋಗ್ಯ ಸಂಸ್ಥೆಯಿಂದ ಹೊರಬರುವ ಆದೇಶಕ್ಕೆ ಸಹಿ ಹಾಕಿದರು. ಇಂತಹ ಸಂಸ್ಥೆ ಸೊರಗಿದರೆ ಹೆಚ್ಚಿನ ನಷ್ಟ ಬಡವರದೇ.

ಇನ್ನು ನಮ್ಮ ಸಂಗತಿ. ಅಲಂಪುರದವರು ಕಾಯಿಲೆಯೆಂದರೆ ನದಿ ದಾಟಿ ಕರ್ನೂಲಿಗೆ ಹೋಗುತ್ತಾರೆ. ಮಕ್ತಲ್, ಗದ್ವಾಲ ಕಡೆಯವರು ರಾಯಚೂರಿಗೂ ಹೋಗುತ್ತಾರೆ. 2014ರಿಂದ ಕರ್ನೂಲೂ ನಮಗೆ ಪರರಾಜ್ಯವೇ. ಅಲ್ಲಿನ ಆಸ್ಪತ್ರೆಗೆ ನಮ್ಮವರು ಹೊರಗಿನವರು, ಇಲ್ಲಿನ ಪುಸ್ತಕಕ್ಕೆ ಗೈರುಹಾಜರು. ಮನೆಗೆ ಬಂದವರು ತೆಲುಗಿನಲ್ಲಿ ಪ್ರಶ್ನೆ ಕೇಳಿದರೆ, ಮನೆಯೊಳಗೆ ಕನ್ನಡವನ್ನಷ್ಟೇ ಆಡುವ ಮುದುಕಿ ಅರ್ಥವಾಗದೆ ತಲೆಯಾಡಿಸುತ್ತಾಳೆ. ಆ ಉತ್ತರ ಲೆಕ್ಕದಲ್ಲಿ ಸೇರಿದರೂ ಅವಳ ನೋವು ಸೇರುವುದಿಲ್ಲ.

ಆದುದರಿಂದ ಜೋಗುಳಾಂಬ ಗದ್ವಾಲ, ನಾರಾಯಣಪೇಟೆ, ರಾಯಚೂರು, ಕರ್ನೂಲು ಜಿಲ್ಲೆಗಳ ಆರೋಗ್ಯಾಧಿಕಾರಿಗಳು ಗಡಿ ಗ್ರಾಮಗಳ ರೋಗಿಗಳ ಲೆಕ್ಕವನ್ನು ತಿಂಗಳಿಗೊಮ್ಮೆ ಪರಸ್ಪರ ಹಂಚಿಕೊಳ್ಳಲಿ. ಕನ್ನಡ ಮನೆಗಳಲ್ಲಿ ಕನ್ನಡದಲ್ಲಿಯೇ ವಿಚಾರಿಸಲಿ. ಲೆಕ್ಕದ ಫಲಿತಾಂಶವನ್ನು ಆಯಾ ಗ್ರಾಮದವರಿಗೂ ತಿಳಿಸಲಿ. ದೇಶ ದೇಶಗಳು ಕೂಡಿ ಮಾಡಿದ್ದನ್ನು ನಾಲ್ಕು ಜಿಲ್ಲೆಗಳು ಮಾಡಲಾರವೇ?

ವೈದ್ಯರೂ ದಾದಿಯರೂ ಅಧಿಕಾರಿಗಳೂ ಆಗಿರುವ ಹಳೆಯ ವಿದ್ಯಾರ್ಥಿಗಳು ಈ ಮನವಿಯನ್ನು ಸಂಬಂಧಪಟ್ಟವರಿಗೆ ಮುಟ್ಟಿಸಬೇಕು. ಮನೆಗೆ ಬರುವ ಕಾರ್ಯಕರ್ತೆಯ ಪಕ್ಕದಲ್ಲಿ ನಿಂತು, ಅಜ್ಜಿಯ ಮಾತನ್ನು ತೆಲುಗಿನಲ್ಲಿ ತಿಳಿಹೇಳಲು ಈ ಶಾಲೆಯ ಎಂಟನೆಯ ತರಗತಿಯ ಹುಡುಗಿಯೂ ಸಾಕು. ಕನ್ನಡ ಶಾಲೆ ಐವತ್ತು ವರ್ಷ ನಡೆದದ್ದಕ್ಕೆ ಇದೂ ಒಂದು ಸಾರ್ಥಕತೆಯಾಗಲಿ ಎಂದು ಹಾರೈಸುತ್ತೇನೆ.