ತುಂಗಭದ್ರೆ ದಾಟದ ನಗುವೇ?

ಧಾರವಾಡ ಕಡೆಯ ಹಾಸ್ಯ ಮೈಸೂರು ಸೀಮೆಯವರಿಗೆ ದಕ್ಕುವುದಿಲ್ಲ, ಮಂಡ್ಯದ ಹಾಸ್ಯ ಕಲಬುರಗಿಯವರಿಗೆ ನಾಟುವುದಿಲ್ಲ ಎಂಬ ಮಾತು ನಮ್ಮ ಟಿವಿ, ಸಿನಿಮಾ ಮಂದಿಯ ಬಾಯಲ್ಲಿ ಗಾದೆಯಾಗಿಬಿಟ್ಟಿದೆ. ಅದಕ್ಕೇ ಎಲ್ಲರಿಗೂ ಒಗ್ಗುವ 'ಕಾಮನ್' ಕನ್ನಡ ಬೇಕಂತೆ. ಆ ಕಾಮನ್ ಕನ್ನಡ ಮಾತ್ರ ಪ್ರತಿ ಸಲವೂ ಬೆಂಗಳೂರಿನದೇ ಆಗಿರುತ್ತದೆ. ಈ ಗಾದೆ ಸುಳ್ಳು ಎಂದಷ್ಟೇ ಹೇಳಿದರೆ ಸಾಲದು. ಅದು ಅನ್ಯಾಯವೂ ಹೌದು.

ಬ್ರಿಟಿಷ್ ಟಿವಿ ಹಾಸ್ಯ ಅಮೆರಿಕದವರಿಗೆ ಹಿಡಿಸದು ಎಂಬ ಇಂಥದೇ ಮಾತು ಅಲ್ಲಿಯೂ ಇದೆ. ಅದಕ್ಕೆ ಕೊಡುವ ಸಾಕ್ಷಿ 'ದಿ ಆಫೀಸ್'. ಬಿಬಿಸಿಯಲ್ಲಿ 2001ರಲ್ಲಿ ಬಂದ ಅದನ್ನು ಎನ್‌ಬಿಸಿ 2005ರಲ್ಲಿ ಅಮೆರಿಕದ ನಟರನ್ನಿಟ್ಟುಕೊಂಡು ಮತ್ತೆ ಮಾಡಿತು. ಮೊದಲ ಕಂತು ಹೆಚ್ಚುಕಡಿಮೆ ಮೂಲದ ನಕಲು; ಆಮೇಲೆ ಸರಣಿ ತನ್ನ ದಾರಿ ಹಿಡಿದು 9 ಸೀಸನ್ ಓಡಿತು. ಈ ಸಾಕ್ಷಿ ಹೇಳುವವರು 1974ನ್ನು ಮರೆಯುತ್ತಾರೆ. ಆ ವರ್ಷ ಡಲ್ಲಾಸ್‌ನ ಸಾರ್ವಜನಿಕ ವಾಹಿನಿಯೊಂದು 'ಮಾಂಟಿ ಪೈಥಾನ್ಸ್ ಫ್ಲೈಯಿಂಗ್ ಸರ್ಕಸ್' ಅನ್ನು ಇದ್ದ ಹಾಗೇ, ಬ್ರಿಟಿಷ್ ಉಚ್ಚಾರಣೆಯಲ್ಲೇ ತೋರಿಸಿತು. ಮುಂದೆ ಅದಕ್ಕೆ ಅಮೆರಿಕದ ಉದ್ದಗಲಕ್ಕೂ ಅಭಿಮಾನಿಗಳಾದರು. ರೀಮೇಕ್ ಗೆದ್ದಿತು ಎಂದಮಾತ್ರಕ್ಕೆ ಮೂಲ ಸೋಲುತ್ತಿತ್ತು ಎಂದಾಗುವುದಿಲ್ಲ.

ನಮ್ಮಲ್ಲಿ ಪುರಾವೆಗೆ ಬರವೇ? 'ತಿಥಿ' ಸಿನಿಮಾದಲ್ಲಿ ನಟನೆ ಕಲಿಯದ ಹಳ್ಳಿಯ ಜನ ಅಪ್ಪಟ ಮಂಡ್ಯ ಕನ್ನಡ ಆಡಿದರು. 2015ರಲ್ಲಿ ಸ್ವಿಟ್ಜರ್ಲೆಂಡಿನ ಲೊಕಾರ್ನೊ ಚಿತ್ರೋತ್ಸವದಲ್ಲಿ ಅದು ಪ್ರಶಸ್ತಿ ಗೆದ್ದಿತು. ಲೊಕಾರ್ನೊಗೆ ಹೋದ ನಗು ಕಲಬುರಗಿಗೆ ಹೋಗದೇ? ಗಂಗಾವತಿ ಪ್ರಾಣೇಶ್ ತಮ್ಮ ಸೀಮೆಯ ಮಾತಿನಲ್ಲೇ ಬೆಂಗಳೂರು, ಮೈಸೂರಿನ ಸಭೆಗಳನ್ನು ನಗಿಸುತ್ತ ಬಂದಿದ್ದಾರೆ. ಹರಪನಹಳ್ಳಿಯಲ್ಲಿ ಹುಟ್ಟಿದ ಬೀಚಿಯವರ ತಿಂಮನನ್ನು ಯಾವ ಜಿಲ್ಲೆಯವರು ಓದಿ ನಕ್ಕಿಲ್ಲ?

ಈ ವಿಷಯದಲ್ಲಿ ಚಿತ್ರದುರ್ಗದವರಾದ ನಮಗೆ ಮಾತಾಡುವ ಹಕ್ಕು ಕೊಂಚ ಹೆಚ್ಚೇ ಇದೆ. ಬೆಂಗಳೂರು–ಹುಬ್ಬಳ್ಳಿ ಹೆದ್ದಾರಿ ಹಿರಿಯೂರಿನ ಮೇಲೇ ಹಾದುಹೋಗುತ್ತದೆ, ಹುಬ್ಬಳ್ಳಿ ರೈಲು ಹೊಳಲ್ಕೆರೆ ತಾಲ್ಲೂಕಿನ ಚಿಕ್ಕಜಾಜೂರಿನ ಮೇಲೆ. ಎರಡೂ ಕಡೆಯ ಕನ್ನಡ ನಮ್ಮ ಬಸ್‌ಸ್ಟ್ಯಾಂಡಿನಲ್ಲೇ ಸಿಗುತ್ತದೆ. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಶಿವಸಂಚಾರ 1997ರಿಂದ ವರ್ಷಕ್ಕೆ ಮೂರು ನಾಟಕ ಕಟ್ಟಿಕೊಂಡು ನಾಡೆಲ್ಲ ತಿರುಗುತ್ತಿದೆ. ಬೀದರಿಗೊಂದು, ಚಾಮರಾಜನಗರಕ್ಕೊಂದು ಎಂದು ಅದು ಬೇರೆ ಬೇರೆ ನಾಟಕ ಹೊತ್ತು ಹೋಗುವುದಿಲ್ಲ.

ಒಂದೆರಡು ಪದ ತಿಳಿಯದೇ ಹೋಗಬಹುದು, ನಿಜ. ಆದರೆ ಆ ಕಷ್ಟ ಯಾವಾಗಲೂ ಒಂದೇ ಕಡೆಯವರ ಪಾಲಿಗೆ ಬರುವುದೇಕೆ? ಕೈಲಾಸಂ ಅವರ ಇಂಗ್ಲಿಷ್ ಬೆರೆತ ಬೆಂಗಳೂರು ಕನ್ನಡವನ್ನು ಓದಿ ರಾಯಚೂರಿನ ಹುಡುಗಿ ನಗಬೇಕೆಂದು ಬಯಸುತ್ತೇವೆ. ಆಕೆಯ ಕನ್ನಡ ಕೇಳಿ ನಗಲು ಬೆಂಗಳೂರಿನವರಿಗೆ ಕಷ್ಟ ಎನ್ನುತ್ತೇವೆ.

ಅಸಲಿಗೆ ಅವರು ನಗುತ್ತಾರೆ. ಎಷ್ಟೋ ಕಾಮಿಡಿ ಸ್ಕಿಟ್‌ಗಳಲ್ಲಿ 'ಹೌದ್ರೀ, ಬರ್ರೀ' ಎನ್ನುವವನು ವಾಚ್‌ಮನ್, ಅಡುಗೆಯವನು, ಇಲ್ಲವೇ ಊರಿಗೆ ಹೊಸಬ. ಅವನು ಬಾಯಿ ತೆರೆದರೆ ಸಾಕು, ಚಪ್ಪಾಳೆ. ಅಂದರೆ ಆ ಕನ್ನಡ ಅರ್ಥವಾಗದೇ ಹೊರಗುಳಿದಿಲ್ಲ. ಗೇಲಿಯ ಸರಕಾಗಿ ಮಾತ್ರ ಒಳಗೆ ಬಂದಿದೆ. ಇದರ ಸುಂಕ ಕಟ್ಟುವವರು ನಮ್ಮಂಥ ವಿದ್ಯಾರ್ಥಿಗಳು. ವಿಚಾರಸಂಕಿರಣದಲ್ಲಿ ಪ್ರಬಂಧ ಮಂಡಿಸಲು ನಿಂತಾಗ, ಸಂದರ್ಶನಕ್ಕೆ ಕೂತಾಗ ಮೊದಲು ಮನೆಮಾತನ್ನು ನುಂಗಿಕೊಂಡು ಆಮೇಲೆ ಮಾತಾಡುತ್ತೇವೆ.

ಆದ್ದರಿಂದ 'ಜನರಿಗೆ ಅರ್ಥವಾಗಲ್ಲ' ಎಂಬ ನೆಪ ಇನ್ನು ಸಾಕು. ಜನರಿಗೆ ಅರ್ಥವಾಗುತ್ತದೆ, ಬರೆಯುವವರಿಗೆ, ದುಡ್ಡು ಹಾಕುವವರಿಗೆ ಜನರ ಮೇಲೆ ನಂಬಿಕೆಯಿಲ್ಲ. ಮುಂದಿನ ಸಲ ಟಿವಿ ಮುಂದೆ ಕೂತಾಗ ನೀವೂ ಒಂದು ಪ್ರಶ್ನೆ ಕೇಳಿಕೊಳ್ಳಿ: ಆ ಕಡೆಯ ಕನ್ನಡ ಆಡುವವನು ಜೋಕು ಹೇಳುತ್ತಿದ್ದಾನೋ, ಅವನೇ ಜೋಕಾಗಿದ್ದಾನೋ?