ಮನೆಯ ಮಾತು: ಕರಡಿಯ ಸೀಮೆಯಲ್ಲಿ ಜಪಾನಿನ ಕಥೆಗಳು

ದರೋಜಿಯಲ್ಲಿ ವಾಸವಾಗಿರುವ ನಮ್ಮ ವಾಚಕ ಸೋದರಿಯೊಬ್ಬರು ಕೆಲವು ತಿಂಗಳುಗಳ ಹಿಂದೆ ನಮಗೊಂದು ಕಾಗದವನ್ನು ಬರೆದಿದ್ದರು. ಅವರಿಗೆ ಏಳು ವರ್ಷದ ಮಗನೂ ಹನ್ನೊಂದು ವರ್ಷದ ಮಗಳೂ ಇರುವರು. ಮಕ್ಕಳಿಬ್ಬರೂ ಶಾಲೆಯಿಂದ ಬಂದೊಡನೆ ಮೊಬೈಲ್ ಫೋನನ್ನು ಹಿಡಿದು, ಜಪಾನ್ ದೇಶದವರು ರಚಿಸಿದ ಚಲಿಸುವ ಚಿತ್ರಕಥೆಗಳನ್ನು, ಎಂದರೆ 'ಆನಿಮೆ' ಎಂದು ಕರೆಯಲ್ಪಡುವವುಗಳನ್ನು, ಎಡೆಬಿಡದೆ ನೋಡುವರಂತೆ. "ಇದನ್ನು ನಿಲ್ಲಿಸಬೇಕೆ? ನಿಲ್ಲಿಸಲಾಗದಿದ್ದರೆ, ಇವುಗಳಲ್ಲಿ ಮನೆಮಂದಿಯೆಲ್ಲ ಕುಳಿತು ನೋಡತಕ್ಕ ಹಳೆಯ ಒಳ್ಳೆಯ ಕಥೆಗಳು ಯಾವುವು?" ಎಂದು ಅವರು ಕೇಳಿದ್ದರು.

ನಾವು ಹೆಚ್ಚು ಆಲೋಚಿಸದೆ ಮರುಟಪಾಲಿನಲ್ಲಿಯೇ ಉತ್ತರವನ್ನು ಬರೆದೆವು. ನಮಗೆ ಅತ್ಯಂತ ಪ್ರಿಯವಾದ ಸರಣಿಯೊಂದರ ಹೆಸರನ್ನು ಪಟ್ಟಿಯ ತುದಿಯಲ್ಲಿಟ್ಟೆವು. ಅದರ ಫಲವು ಹೀಗಾಯಿತು: ಆರಂಭದ ಕಂತುಗಳಲ್ಲಿಯೇ ಕಥಾನಾಯಕನ ಅಜ್ಜನು ಮಡಿಯುವುದನ್ನು ಕಂಡು ಆ ಏಳು ವರ್ಷದ ಬಾಲಕನು ಅತ್ತು, ತನ್ನ ಅಜ್ಜಿಯ ಸೆರಗನ್ನು ಹಿಡಿದುಕೊಂಡೇ ಮಲಗಿದನಂತೆ. ಈ ಸಂಗತಿಯನ್ನು ಆ ಸೋದರಿಯವರು ಎರಡನೆಯ ಕಾಗದದಲ್ಲಿ ತಿಳಿಸಿದಾಗ ನಮಗೆ ನಾಚಿಕೆಯಾಯಿತು. ಕಥೆ ಒಳ್ಳೆಯದೆಂಬ ಮಾತ್ರದಿಂದಲೇ ಅದು ಎಲ್ಲ ವಯಸ್ಸಿಗೂ ಒಳ್ಳೆಯದಾಗದು ಎಂಬ ಸಾಮಾನ್ಯ ವಿಷಯವನ್ನು ನಾವು ಮರೆತಿದ್ದೆವು. ಆದುದರಿಂದ ತಪ್ಪನ್ನು ತಿದ್ದಿಕೊಳ್ಳುವ ಸಲುವಾಗಿ, ಹೊಸಪೇಟೆಯ ಕಡೆಗೆ ಹೋಗಿದ್ದಾಗ ಸ್ವತಃ ದರೋಜಿಗೆ ಹೋಗಿ ಅವರ ಮನೆಯಲ್ಲಿ ಒಂದು ಸಾಯಂಕಾಲವನ್ನು ಕಳೆದುಬಂದೆವು.

ದರೋಜಿಯು ಕಥೆಗೆ ಬಡವಾದ ಊರಲ್ಲ. ಬುರ್ರಕಥೆಯ ಈರಮ್ಮನವರು ಈ ಊರಿನವರು. ಅಕ್ಷರವನ್ನು ಬಾರದ ಆ ತಾಯಿ ಕುಮಾರರಾಮ, ಬಾಲನಾಗಮ್ಮ, ಬಬ್ಬುಲಿ ನಾಗಿರೆಡ್ಡಿ ಮೊದಲಾದ ಮಹಾಕಾವ್ಯಗಳನ್ನು ನೆನಪಿನಲ್ಲಿಯೇ ಇಟ್ಟುಕೊಂಡು ಹಾಡುತ್ತಿದ್ದರು. 1999ರಲ್ಲಿ ಅವರಿಗೆ ರಾಜ್ಯೋತ್ಸವ ಪ್ರಶಸ್ತಿ ಬಂದಿತು. ಹಂಪಿಯ ಕನ್ನಡ ವಿಶ್ವವಿದ್ಯಾಲಯವು ನಾಡೋಜ ಪದವಿಯನ್ನಿತ್ತು ಗೌರವಿಸಿತು. 2014ರ ಆಗಸ್ಟ್ ತಿಂಗಳಿನಲ್ಲಿ ಅವರು ತೀರಿಕೊಂಡರು. ನಾವು ಹೋಗಿದ್ದ ಮನೆಯ ಹಿರಿಯಮ್ಮನವರು ಆ ಹಾಡುಗಳನ್ನು ಕೇಳಿ ಬೆಳೆದವರು. ಅವರು ನಮ್ಮೊಡನೆ ಹೇಳಿದ ಮಾತು ಇದು: "ಆಗ ಒಂದು ಕಥಿ ಮುಂದ ಇಡೀ ಓಣಿ ಕೂತಿರ್ತಿತ್ರೀ. ಈಗ ಒಂದ ಮನ್ಯಾಗ ನಾಕು ಮಂದಿ ನಾಕು ಕಥಿ ನೋಡ್ತಾರ. ಕಥಿ ಕೆಟ್ಟದ್ದು ಅಂತ ನಾನು ಅನ್ನಂಗಿಲ್ಲ. ಒಬ್ಬೊಬ್ರ ನೋಡ್ತಾರಲ್ಲ, ಅದ ಕೆಟ್ಟದ್ದು."

ಈ ಮಾತಿನಲ್ಲಿ ಸೋದರಿಯವರ ಪ್ರಶ್ನೆಗೆ ಅರ್ಧ ಉತ್ತರ ಅಡಗಿದೆಯೆಂದು ನಮಗೆ ತೋರಿತು. ಪರದೇಶದ ಕಥೆ ಎಂಬ ಕಾರಣದಿಂದ ಮಕ್ಕಳನ್ನು ತಡೆಯುವುದು ಸರಿಯಲ್ಲ. ಆದರೆ ಯಾವುದನ್ನು, ಯಾರೊಡನೆ, ಎಷ್ಟು ನೋಡಬೇಕು ಎಂಬುದನ್ನು ಹಿರಿಯರು ನಿರ್ಣಯಿಸಬೇಕು. ಆ ನಿರ್ಣಯಕ್ಕೆ ಸಹಾಯವಾಗಲೆಂದು, ಮೊದಲ ಸಲ ನೋಡುವವರಿಗೆ ತಕ್ಕ ಕೆಲವು ಹಳೆಯ ಸರಣಿಗಳನ್ನು ಇಲ್ಲಿ ಕ್ರಮವಾಗಿ ಸೂಚಿಸುವೆವು.

ಮೊದಲಿಗೆ ಈ ಕಲೆಯ ವಿಷಯವಾಗಿ ಎರಡು ಮಾತು. ನಮ್ಮ ಬಳ್ಳಾರಿ ಸೀಮೆಯ ತೊಗಲುಗೊಂಬೆಯಾಟದಲ್ಲಿ ಬಣ್ಣದ ತೊಗಲಿನ ಹಿಂದೆ ದೀಪವನ್ನಿಟ್ಟು ಗೊಂಬೆಯನ್ನು ಕುಣಿಸುವರಷ್ಟೆ. ಆನಿಮೆಯಲ್ಲಿ ಗೊಂಬೆಯು ಕುಣಿಯುವುದಿಲ್ಲ. ಒಂದೊಂದು ಭಂಗಿಗೂ ಬೇರೆ ಬೇರೆ ಚಿತ್ರವನ್ನು ಬರೆದು, ಅವುಗಳನ್ನು ವೇಗವಾಗಿ ಒಂದರ ಹಿಂದೊಂದು ತೋರಿಸುವುದರಿಂದ ಚಲನೆಯ ಭ್ರಾಂತಿ ಉಂಟಾಗುವುದು. ಚಲಚ್ಚಿತ್ರದಲ್ಲಿ ಸೆಕೆಂಡಿಗೆ 24 ಚಿತ್ರಗಳು ಓಡುತ್ತವೆ. ಅಷ್ಟನ್ನೂ ವಾರವಾರವೂ ಕೈಯಿಂದ ಬರೆಯುವುದು ಬಹು ವೆಚ್ಚದ ಕಾರ್ಯ. ಒಸಾಮು ತೆಜುಕಾ ಎಂಬ ಪ್ರಸಿದ್ಧ ಚಿತ್ರಕಾರರು ಚಿತ್ರಗಳ ಸಂಖ್ಯೆಯನ್ನು ಮಿತಗೊಳಿಸಿ, ಒಂದೇ ಚಿತ್ರವನ್ನು ಹಲವು ಕಡೆ ಬಳಸಿ, 1963ರ ಜನವರಿ 1ರಂದು 'ಆಸ್ಟ್ರೋ ಬಾಯ್' ಎಂಬ ವಾರದ ಸರಣಿಯನ್ನು ಜಪಾನಿನ ದೂರದರ್ಶನದಲ್ಲಿ ಆರಂಭಿಸಿದರು. ಮುಂದಿನ ಸರಣಿಗಳಿಗೆಲ್ಲ ಅದೇ ದಾರಿಯಾಯಿತು.

ಇನ್ನು ಪಟ್ಟಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮೊದಲು ನೋಡತಕ್ಕುದು ಕಾಡಿನ ಬಾಲಕ ಮೋಗ್ಲಿಯ ಕಥೆ. ರಡ್ಯಾರ್ಡ್ ಕಿಪ್ಲಿಂಗರ 1894ರ ಪುಸ್ತಕವನ್ನು ಆಧಾರವಾಗಿಟ್ಟುಕೊಂಡು ಜಪಾನಿನವರು 1989ರಲ್ಲಿ ಇದನ್ನು 52 ಕಂತುಗಳಲ್ಲಿ ರಚಿಸಿದರು. 1990ರ ದಶಕದ ಆದಿಯಲ್ಲಿ ನಮ್ಮ ದೂರದರ್ಶನವು ಹಿಂದಿಯಲ್ಲಿ ಇದನ್ನು ಬಿತ್ತರಿಸಿದಾಗ, ಗುಲ್ಜಾರರು ಬರೆದ ಹಾಡನ್ನು ಹಿಂದಿ ಬಾರದ ಮಕ್ಕಳೂ ಗುನುಗುತ್ತಿದ್ದುದನ್ನು ಇಂದಿನ ತಾಯಿತಂದೆಗಳು ಮರೆತಿರಲಾರರು. ಬಾಲಕನಿಗೆ ಕಾಡಿನ ನೀತಿಯನ್ನು ಬೋಧಿಸುವವನು ಬಾಲೂ ಎಂಬ ಕರಡಿ. ಕರಡಿಯೆಂದರೆ ದರೋಜಿಯ ಮಕ್ಕಳಿಗೆ ಹೊಸದೇನೂ ಅಲ್ಲ. ಇಲ್ಲಿ 1994ರಲ್ಲಿ ಸ್ಥಾಪಿತವಾದ ಕರಡಿಧಾಮವು ಈಗ 82.72 ಚದರ ಕಿಲೋಮೀಟರಿನಷ್ಟು ವಿಸ್ತಾರವಾಗಿದೆ. ಅರಣ್ಯದ ನೌಕರರು ಬಂಡೆಗಳ ಮೇಲೆ ಬೆಲ್ಲದ ಪಾಕವನ್ನು ಬಳಿದು ಹೋದ ಬಳಿಕ, ಇಳಿಹೊತ್ತಿನಲ್ಲಿ ಕರಡಿಗಳು ಗುಡ್ಡದಿಂದಿಳಿದು ಬಂದು ನೆಕ್ಕುವುದನ್ನು ಗೋಪುರದ ಮೇಲಿನಿಂದ ನೋಡಬಹುದು. ನಮ್ಮ ಕರಡಿಯ ಎದೆಯ ಮೇಲೆ ಬಿಳಿಯ ಗುರುತೊಂದು ಉಂಟು. ಚಿತ್ರದ ಬಾಲೂವಿಗೂ ಅದು ಉಂಟೋ ಇಲ್ಲವೋ ಎಂಬುದನ್ನು ಮಕ್ಕಳೇ ನೋಡಿ ಹೇಳಲಿ. ಆದರೆ ಒಂದು ಎಚ್ಚರಿಕೆಯನ್ನು ಹಿರಿಯರು ಅವಶ್ಯವಾಗಿ ಹೇಳಬೇಕು: ಚಿತ್ರದ ಕರಡಿ ಗೆಳೆಯ, ಹೊಲದಂಚಿನ ಕರಡಿ ಗೆಳೆಯನಲ್ಲ. ಹಠಾತ್ತಾಗಿ ಎದುರಾದರೆ ಅದು ಮನುಷ್ಯನ ಮೇಲೆ ಎರಗುವುದು. ಕಥೆಯನ್ನು ಕಥೆಯೆಂದೂ ಕಾಡನ್ನು ಕಾಡೆಂದೂ ತಿಳಿಯುವುದು ಈ ಸೀಮೆಯ ಮಕ್ಕಳಿಗೆ ಪ್ರಾಣದ ಮಾತು.

ಎರಡನೆಯದು 'ಹೈದಿ'. ಯೋಹಾನ್ನಾ ಸ್ಪೀರಿ ಎಂಬ ಸ್ವಿಸ್ ಲೇಖಕಿಯ ಕಾದಂಬರಿಯನ್ನು ಇಸಾವೊ ತಾಕಾಹಾತಾ ಅವರು 1974ರಲ್ಲಿ 52 ಕಂತುಗಳಾಗಿ ನಿರ್ದೇಶಿಸಿದರು. ಇದಕ್ಕಾಗಿ ಚಿತ್ರಕಾರರು ಸ್ವಿಟ್ಜರ್ಲೆಂಡಿಗೆ ಹೋಗಿ ಅಲ್ಲಿನ ಬೆಟ್ಟ, ಹುಲ್ಲುಗಾವಲು, ಮನೆಗಳನ್ನು ಕಣ್ಣಾರೆ ಕಂಡು ಬಂದಿದ್ದರು. ತಾಯಿತಂದೆಗಳಿಲ್ಲದ ಹುಡುಗಿಯನ್ನು ಅವಳ ಚಿಕ್ಕಮ್ಮನು ಬೆಟ್ಟದ ಮೇಲಿನ ಸಿಡುಕು ಸ್ವಭಾವದ ಅಜ್ಜನ ಬಳಿ ಬಿಟ್ಟುಹೋಗುವಳು. ಮೇಕೆ ಕಾಯುವ ಪೀಟರನೂ ಮೇಕೆಗಳೂ ಅವಳ ಸಂಗಾತಿಗಳು. ಇದರಲ್ಲಿ ಯುದ್ಧವಿಲ್ಲ, ಮಾಯವಿಲ್ಲ. ರೊಟ್ಟಿಯನ್ನು ಸುಡುವುದು, ಗಿಣ್ಣನ್ನು ಕಾಯಿಸುವುದು, ಹುಲ್ಲಿನ ಹಾಸಿಗೆಯನ್ನು ಮಾಡುವುದು ಇವೇ ಘಟನೆಗಳು. ಬಳಿಕ ಹುಡುಗಿಯನ್ನು ಫ್ರಾಂಕ್‌ಫರ್ಟ್ ನಗರದ ಶ್ರೀಮಂತರ ಮನೆಗೆ ಕರೆದೊಯ್ಯುವರು. ಅಲ್ಲಿ ಅವಳು ಬೆಟ್ಟವನ್ನು ನೆನೆದು ನೆನೆದು, ನಿದ್ರೆಯಲ್ಲಿಯೇ ಎದ್ದು ನಡೆದಾಡತೊಡಗುವಳು. ನಾವಿದ್ದ ಸಾಯಂಕಾಲ ಆ ಮನೆಯವರು ನೋಡುತ್ತಿದ್ದುದು ಈ ಭಾಗವನ್ನೇ. ಮಾತೆಲ್ಲ ಪರಭಾಷೆಯಲ್ಲಿದ್ದುದರಿಂದ ಸೊಸೆಯವರು ಕೆಳಗಿನ ಅಕ್ಷರಗಳನ್ನೋದಿ ಕನ್ನಡದಲ್ಲಿ ಹೇಳುತ್ತಿದ್ದರು. ನಡುವೆ ಹಿರಿಯಮ್ಮನವರು ಕೈಯೆತ್ತಿ, "ಹೇಳಬ್ಯಾಡವ್ವ, ತಿಳೀತು. ಕೂಸಿಗೆ ತವರು ನೆನಪಾಗೇತಿ" ಎಂದರು. ಅನಂತರ ಬಹಳ ಹೊತ್ತು ಯಾರೂ ಮಾತನಾಡಲಿಲ್ಲ.

ಮೂರನೆಯದು, ಹತ್ತು ವರ್ಷ ಮೀರಿದ ಮಕ್ಕಳಿಗೆ, ಮುಖ್ಯವಾಗಿ ಹೆಣ್ಣುಮಕ್ಕಳಿಗೆ, 'ಕೆಂಗೂದಲ ಆನ್'. ಇದೂ ತಾಕಾಹಾತಾ ಅವರದೇ. 1979ರಲ್ಲಿ 50 ಕಂತುಗಳಲ್ಲಿ ಬಂದಿತು. ಇದರ ಮೂಲವು ಕೆನಡಾ ದೇಶದ ಲೇಖಕಿ ಮಾಂಟ್ಗೊಮೆರಿಯವರ 1908ರ ಕಾದಂಬರಿ. ಹೊಲಗೆಲಸಕ್ಕೆ ಒತ್ತಾಸೆಯಾಗಲೆಂದು ಗಂಡುಮಗುವನ್ನು ಕೋರಿದ್ದ ವೃದ್ಧ ಅಣ್ಣತಂಗಿಯರ ಮನೆಗೆ ತಪ್ಪಿನಿಂದ ಹೆಣ್ಣುಮಗುವೊಂದು ಬರುವುದು. ಅವಳನ್ನು ಹಿಂದಕ್ಕೆ ಕಳುಹಿಸುವರೋ ಇಟ್ಟುಕೊಳ್ಳುವರೋ ಎಂಬಲ್ಲಿಂದ ಕಥೆ ಮೊದಲಾಗುವುದು. ಗಂಡು ಬೇಕಾಗಿದ್ದಲ್ಲಿ ಹೆಣ್ಣು ಬಂದಳೆಂಬ ಮಾತು ನಮ್ಮ ಮನೆಗಳಲ್ಲಿ ಇನ್ನೂ ಕೇಳಿಬರುತ್ತಿರುವಾಗ, ಈ ಕಥೆಯನ್ನು ಹೆಣ್ಣುಮಕ್ಕಳಿಗಿಂತ ಮೊದಲು ದೊಡ್ಡವರೇ ನೋಡುವುದು ಒಳಿತು.

ನಾಲ್ಕನೆಯದು, ನಮ್ಮ ತಪ್ಪಿಗೆ ಕಾರಣವಾದ 'ಭವಿಷ್ಯದ ಬಾಲಕ ಕಾನನ್'. 1978ರಲ್ಲಿ 26 ಕಂತುಗಳಲ್ಲಿ ಬಂದ ಇದನ್ನು ನಿರ್ದೇಶಿಸಿದವರು, ಮುಂದೆ 2003ರಲ್ಲಿಯೂ 2024ರಲ್ಲಿಯೂ ತಮ್ಮ ಚಿತ್ರಗಳಿಗೆ ಆಸ್ಕರ್ ಪ್ರಶಸ್ತಿಯನ್ನು ಪಡೆದ ಹಯಾವೊ ಮಿಯಾಜಾಕಿ. ಘೋರವಾದ ಯುದ್ಧದಿಂದ ಭೂಖಂಡಗಳು ಮುಳುಗಿಹೋದ ಬಳಿಕ, ಒಂಟಿ ದ್ವೀಪವೊಂದರಲ್ಲಿ ಅಜ್ಜನೊಡನೆ ಬೆಳೆದ ಬಾಲಕನ ಕಥೆಯಿದು. ಅಪಹೃತಳಾದ ಲಾನಾ ಎಂಬ ಹುಡುಗಿಯನ್ನು ಹುಡುಕುತ್ತ ಅವನು ಸಮುದ್ರವನ್ನು ದಾಟುವನು. ಹಿಂದಿನ ನಾಶದಿಂದ ಪಾಠ ಕಲಿಯದೆ ಮತ್ತೆ ಶಕ್ತಿಗಾಗಿ ಹಪಹಪಿಸುವ ಯಂತ್ರನಗರಿಯೂ, ಉತ್ತು ಬಿತ್ತಿ ಮೀನು ಹಿಡಿದು ಬದುಕುವ ಹಳ್ಳಿಯೂ ಅಲ್ಲಿ ಎದುರೆದುರು ನಿಲ್ಲುವುವು. ಅದಿರಿನ ಕೆಂಧೂಳನ್ನು ಕಂಡ, 2011ರಲ್ಲಿ ಸರ್ವೋಚ್ಚ ನ್ಯಾಯಾಲಯವು ಬಳ್ಳಾರಿಯ ಗಣಿಗಾರಿಕೆಯನ್ನು ತಡೆಹಿಡಿದ ಸಂಗತಿಯನ್ನು ಬಲ್ಲ ಸಂಡೂರಿನ ಜನರಿಗೆ ಇದರ ಅರ್ಥವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಹನ್ನೊಂದು ಹನ್ನೆರಡು ವರ್ಷಕ್ಕೆ ಮೊದಲು ಬೇಡ. 'ಆಸ್ಟ್ರೋ ಬಾಯ್' ಕೂಡ ಹಾಗೆಯೇ. ಮಡಿದ ಮಗನ ರೂಪದಲ್ಲಿ ಯಂತ್ರಬಾಲಕನನ್ನು ನಿರ್ಮಿಸಿದ ತಂದೆಯೇ, ಅವನು ಬೆಳೆಯಲಿಲ್ಲವೆಂದು ಕೋಪಿಸಿ ಸರ್ಕಸ್ಸಿಗೆ ಮಾರಿಬಿಡುವ ಕಥೆ ಅದು. ಕಪ್ಪು ಬಿಳುಪಿನ ಹಳೆಯ ಚಿತ್ರವೆಂದು ಮಕ್ಕಳು ಮೊದಲು ಮೂಗು ಮುರಿದರೂ ಕಥೆ ಅವರನ್ನು ಹಿಡಿದುಕೊಳ್ಳುವುದು.

ಕೊನೆಯದಾಗಿ, ಸರಣಿಯಲ್ಲದಿದ್ದರೂ ಬಿಡಲಾಗದುದು 'ರಾಮಾಯಣ: ರಾಜಕುಮಾರ ರಾಮನ ಕಥೆ'. ಯೂಗೊ ಸಾಕೊ ಎಂಬ ಜಪಾನೀಯರು ನಮ್ಮ ದೇಶದ ಉತ್ಖನನಗಳ ವಿಷಯವಾಗಿ ಸಾಕ್ಷ್ಯಚಿತ್ರವನ್ನು ತೆಗೆಯುತ್ತಿದ್ದಾಗ ರಾಮಾಯಣದ ಪರಿಚಯವಾಗಿ, ಅದರಲ್ಲಿಯೇ ಮನಸ್ಸನ್ನಿಟ್ಟರು. ನಮ್ಮವರಾದ ರಾಮಮೋಹನರೂ ಅವರೊಡನೆ ನಿರ್ದೇಶನದಲ್ಲಿ ಕೈಗೂಡಿಸಿದರು. 1992ರಲ್ಲಿ ಸಿದ್ಧವಾದ ಈ ಚಿತ್ರವು 2025ರ ಜನವರಿಯಲ್ಲಿ ನಮ್ಮ ದೇಶದ ಚಿತ್ರಮಂದಿರಗಳಿಗೆ ಮತ್ತೆ ಬಂದಿತು. ಹಂಪೆ ಆನೆಗೊಂದಿಗಳನ್ನು ಕಿಷ್ಕಿಂಧೆಯೆಂದು ನಂಬಿರುವ ಈ ಸೀಮೆಯ ಮಕ್ಕಳು, ತಮ್ಮ ಬಂಡೆಗಳ ನಡುವಿನ ವಾನರರನ್ನೂ ಜಾಂಬವಂತನನ್ನೂ ಜಪಾನೀ ಕುಂಚದಲ್ಲಿ ನೋಡಿ ಹೇಗಿದೆಯೆಂದು ತಾವೇ ತೂಗಿ ನೋಡಬಹುದು.

ನೋಡುವ ಕ್ರಮದ ವಿಷಯವಾಗಿ ಮೂರು ಸೂಚನೆಗಳು. ದಿನಕ್ಕೆ ಒಂದೇ ಕಂತು. ಒಂದು ಮುಗಿದೊಡನೆ ಮುಂದಿನದು ತಾನಾಗಿ ಆರಂಭವಾಗದಂತೆ ನಿಲ್ಲಿಸಬೇಕು. ಈ ಸರಣಿಗಳು ವಾರಕ್ಕೊಂದು ಕಂತಿನಂತೆ ಕಾದು ನೋಡುವುದಕ್ಕಾಗಿ ರಚಿತವಾದುವು. ಕಾಯುವುದರಲ್ಲಿಯೇ ಅರ್ಧ ರುಚಿಯಿರುವುದು. ಎರಡನೆಯದಾಗಿ, ಫೋನನ್ನು ಒಬ್ಬರ ಕೈಯಲ್ಲಿ ಬಿಡದೆ, ಟಿ.ವಿ.ಯಲ್ಲಿ ಅಥವಾ ಎಲ್ಲರಿಗೂ ಕಾಣುವಂತೆ ನಡುಮನೆಯಲ್ಲಿ ಇಟ್ಟು ನೋಡಬೇಕು. ಮೂರನೆಯದಾಗಿ, ಕನ್ನಡದಲ್ಲಿ ದೊರೆಯದ ಕಡೆ ಹಿರಿಯರೊಬ್ಬರು ಕನ್ನಡದಲ್ಲಿ ಹೇಳಬೇಕು. ಹಾಗೆ ಹೇಳುವಾಗ ಪರದೇಶದ ಕಥೆಯೂ ನಮ್ಮ ಮನೆಯ ಮಾತಾಗುವುದು.

ನಾವು ಹೊರಡುವ ಮುನ್ನ ಹಿರಿಯಮ್ಮನವರ ಬಳಿ, ನಮ್ಮ ಪಟ್ಟಿಯಿಂದ ಮೊಮ್ಮಗನು ಅಳುವಂತಾದುದಕ್ಕೆ ಕ್ಷಮೆ ಬೇಡಿದೆವು. ಅವರು ನಕ್ಕರು. ಆ ರಾತ್ರಿ ಬಾಲಕನು, "ಅಜ್ಜೀ, ನೀನೂ ಸಾಯ್ತೀ ಏನು?" ಎಂದು ಕೇಳಿದನಂತೆ. ಇವರು ಸುಳ್ಳನ್ನು ಹೇಳಲಿಲ್ಲ. "ಎಲ್ಲಾರೂ ಹೋಗೋರ. ಆದರ ಇವತ್ತು ಅಲ್ಲ, ಮಲಗು" ಎಂದರಂತೆ. ಅವನಿಗೆ ನಿದ್ರೆ ಬಾರದಿರಲು, ಕಂಪಿಲರಾಯನ ಮಗನಾದ ಕುಮಾರರಾಮನ ಕಥೆಯನ್ನು ತೆಗೆದರಂತೆ. ಆ ವೀರನೂ ಕಡೆಗೆ ಮಡಿಯುವವನೇ. ಆದರೂ ಈ ಸೀಮೆಯ ಜನರು ಅವನನ್ನು ಇನ್ನೂ ಹಾಡುತ್ತಿರುವರು. ಕಥೆಯು ಒಂದೇ ರಾತ್ರಿಗೆ ಮುಗಿಯಲಿಲ್ಲ. "ಎಷ್ಟೋ ವರ್ಷ ಆಗಿತ್ರೀ, ಅದನ್ನ ಯಾರೂ ಕೇಳಿರಲಿಲ್ಲ ನನ್ನ. ಅರ್ಧ ಮರ್ತೀನಿ. ನೆನಪಿದ್ದಷ್ಟು ಹೇಳಾಕತ್ತೀನಿ" ಎಂದರು.

ಮರೆತ ಅರ್ಧವನ್ನು ನಾವು ಯಾವ ಪಟ್ಟಿಯಿಂದಲೂ ತುಂಬಿಕೊಡಲಾರೆವು. ಆದುದರಿಂದ ವಾಚಕರಲ್ಲಿ ನಮ್ಮ ವಿಜ್ಞಾಪನೆಯಿಷ್ಟೆ: ಜಪಾನಿನ ಒಂದು ಕಂತನ್ನು ನೋಡಿದ ದಿನ, ದೀಪವನ್ನು ಆರಿಸುವ ಮುನ್ನ, ಮನೆಯ ಹಿರಿಯರನ್ನು ಅವರ ಕಥೆಯೊಂದನ್ನು ಹೇಳೆಂದು ಕೇಳಿರಿ. ನೆನಪಿದ್ದಷ್ಟೇ ಆಗಲಿ, ಕೇಳಿರಿ. ಯಾವ ಸರಣಿ ನಿಮ್ಮ ಮನೆಯಲ್ಲಿ ಹಿಡಿಸಿತು, ಯಾವುದು ಹಿಡಿಸಲಿಲ್ಲ ಎಂಬುದನ್ನು ನಮಗೆ ಬರೆದು ತಿಳಿಸಿದರೆ, ಮುಂದಿನ ಪಟ್ಟಿಯನ್ನು ಇದಕ್ಕಿಂತ ಎಚ್ಚರದಿಂದ ಮಾಡುವೆವು.