ಪಟದ ಹಿಂದಿನ ಎರಡು ಮೊಟ್ಟೆ

ಹಟ್ಟಿಯಂಗಡಿಯಿಂದ ತಾಯಿಯೊಬ್ಬರು ಬರೆದಿದ್ದಾರೆ. ಏಳನೇ ತರಗತಿಯ ಮಗ ಹಲ್ಲಿ ಸಾಕಿ ಮರಿ ಮಾಡಿಸುತ್ತೇನೆಂದು ಹಟ ಹಿಡಿದಿದ್ದಾನೆ. ವಿಡಿಯೊದಲ್ಲಿ ಕಂಡ, ಹಳದಿ ಮೈಯ ಕಪ್ಪು ಚುಕ್ಕೆಯ ವಿದೇಶಿ ಹಲ್ಲಿಯೇ ಆಗಬೇಕಂತೆ. ಕೊಡಿಸಬಹುದೇ? ಅಜ್ಜಿ ಮಾತ್ರ, ‘ಮನಿಯಂಗ್ ಇಪ್ದ್ ಸಾಲ್ದಾ ಮಗಾ, ದುಡ್ ಕೊಟ್ಟ್ ಬೇರೆ ತರ್ಕಾ?’ ಎಂದು ನಕ್ಕರಂತೆ. ನಾನು ಅಜ್ಜಿಯ ಪಕ್ಷ.

ಹುಡುಗ ಕಂಡದ್ದು ಲೆಪರ್ಡ್ ಗೆಕ್ಕೊ. ಅಫ್ಘಾನಿಸ್ತಾನ, ಪಾಕಿಸ್ತಾನದ ಕಡೆಯ ಒಣ ಕಲ್ಲುನೆಲದ ಪ್ರಾಣಿ. ವಾರಾಹಿ ದಂಡೆಯ ಆಷಾಢದ ತೇವ ಅದಕ್ಕೆ ಒಗ್ಗದು. ಅದರ ಪೆಟ್ಟಿಗೆಗೆ ಕಾವು ಕೊಡುತ್ತಿರಬೇಕು. ನಮ್ಮ ಮಳೆಗಾಲದ ಕರೆಂಟನ್ನು ನಂಬಿ ಕೂರುವಂತಿಲ್ಲ. ಮೊಟ್ಟೆಯ ಕಥೆ ಇನ್ನೂ ಸೂಕ್ಷ್ಮ: 26 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಹೆಚ್ಚಾಗಿ ಹೆಣ್ಣು ಮರಿ, 32-33 ಡಿಗ್ರಿಯಲ್ಲಿ ಹೆಚ್ಚಾಗಿ ಗಂಡು. ತಿನ್ನಲು ಜೀವಂತ ಹುಳುವೇ ಬೇಕು. ಚೆನ್ನಾಗಿ ಸಾಕಿದರೆ 15 ವರ್ಷಕ್ಕೂ ಹೆಚ್ಚು ಬದುಕೀತು. ಮಗ ಕಾಲೇಜಿಗೆಂದು ಬೆಂಗಳೂರಿಗೆ ಹೊರಟ ಮೇಲೆ ಹುಳ ಹಿಡಿಯುವವರು ಯಾರು? ನೀವೇ ತಾಯಿ.

ಕಾನೂನಿನ ಮಾತೂ ಇದೆ. ಈಶಾನ್ಯ ಭಾರತದ ಟೋಕೆ ಹಲ್ಲಿಯನ್ನು ಔಷಧಿಯ ಸುಳ್ಳು ನಂಬಿಕೆಯಿಂದ ಹಿಡಿದು ಸಾಗಿಸುವ ದಂಧೆ ಬೆಳೆದು, 2019ರಲ್ಲಿ ಅದರ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ನಿರ್ಬಂಧ ಬಂತು. ಅಂಥ ಅಂತರರಾಷ್ಟ್ರೀಯ ಪಟ್ಟಿಯಲ್ಲಿರುವ ವಿದೇಶಿ ಪ್ರಾಣಿಗಳನ್ನು ಸಾಕುವವರು ಅವನ್ನು ನೋಂದಾಯಿಸಬೇಕೆಂದು 2022ರಲ್ಲಿ ನಮ್ಮ ವನ್ಯಜೀವಿ ಕಾಯ್ದೆಗೂ ತಿದ್ದುಪಡಿಯಾಯಿತು. ಅಂಗಡಿಯವನು ‘ಏನೂ ತೊಂದರೆಯಿಲ್ಲ ಸಾರ್’ ಎಂದರೆ ಸಾಲದು, ಕಾಗದ ತೋರಿಸಲಿ. ಘಟ್ಟದ ಕಾಡಿನಿಂದ ಹಲ್ಲಿ ಹಿಡಿದು ತರುವುದಂತೂ ಕೂಡದು.

ಇನ್ನು ಮನೆಯ ಹಲ್ಲಿ. ರಾತ್ರಿ ದೀಪ ಹಾಕಿ, ಕಿಟಕಿಯ ಗಾಜಿನ ಹೊರಗೆ ಹುಳುವಿಗೆ ಕಾದ ಹಲ್ಲಿಯನ್ನು ಒಳಗಿನಿಂದ ನೋಡಿ. ಹೊಟ್ಟೆಯ ತೆಳುಚರ್ಮದೊಳಗೆ ಎರಡು ಬಿಳಿ ಗುಂಡು ಕಂಡರೆ ಅವೇ ಮೊಟ್ಟೆ. ಕತ್ತಿನ ಎರಡೂ ಬದಿಗೆ ಬಿಳಿ ಉಬ್ಬು ಇರುವುದುಂಟು. ಅದನ್ನು ವಿಷದ ಚೀಲವೆಂದು ಹೆದರುವವರಿದ್ದಾರೆ. ಅಲ್ಲ, ಅದು ಸುಣ್ಣದ ಉಗ್ರಾಣ, ಮೊಟ್ಟೆಯ ಚಿಪ್ಪಿಗೆ ಒದಗುವ ಸಾಮಗ್ರಿ. ಮನೆಯ ಹಲ್ಲಿಗೆ ವಿಷವೇ ಇಲ್ಲ. ಆದರೆ ಅದರ ಹಿಕ್ಕೆಯಲ್ಲಿ ಹೊಟ್ಟೆ ಕೆಡಿಸುವ ರೋಗಾಣು ಇರಬಹುದು. ಮುಟ್ಟಿದ ಕೈಯನ್ನು ಸೋಪು ಹಾಕಿ ತೊಳೆಯುವುದು ಕಡ್ಡಾಯ.

ಮೊಟ್ಟೆ ಹುಡುಕಬೇಕಾದದ್ದು ದೇವರ ಪಟದ ಹಿಂದೆ, ಕಪಾಟಿನ ಮೂಲೆಯಲ್ಲಿ, ಹಂಚಿನ ಸಂದಿಯಲ್ಲಿ. ಎರಡೆರಡು ಜೊತೆಯಾಗಿ, ಒಂದೊಂದು ಸುಮಾರು ಒಂದು ಸೆಂಟಿಮೀಟರ್. ಇಟ್ಟಾಗ ಮೆತ್ತಗೆ, ಗಾಳಿ ತಗುಲಿದ ಮೇಲೆ ಗಟ್ಟಿ. ಗೋಡೆಗೆ ಅಂಟಿದ್ದರೆ ಕೀಳಬೇಡಿ, ಒಡೆಯುತ್ತದೆ. ಕಪಾಟು ಗುಡಿಸುವಾಗ ಬಿಡಿಯಾಗಿ ಸಿಕ್ಕಿದರೆ ಮಾತ್ರ ತೆಗೆಯಿರಿ. ಆಗಲೂ ಮಗುಚಬಾರದು. ಒಳಗಿನ ಭ್ರೂಣ ಒಂದು ಬದಿಗೆ ಅಂಟಿಕೊಂಡಿರುತ್ತದೆ, ಮಗುಚಿದರೆ ಸತ್ತೀತು. ಮೇಲ್ಭಾಗಕ್ಕೆ ಪೆನ್ಸಿಲಿನಿಂದ ಹಗುರವಾಗಿ ಗುರುತು ಮಾಡಿ, ತೂತು ಮಾಡಿದ ಡಬ್ಬಿಯಲ್ಲಿ ಒಣ ಮರಳಿನ ಮೇಲೆ ಹಾಗೆಯೇ ಇಡಿ. ನೀರು ಚಿಮುಕಿಸುವುದು ಬೇಡ. ಬಿಸಿಲು ಬೇಡ. ಇರುವೆ ಬಾರದಂತೆ ಡಬ್ಬಿಯನ್ನು ನೀರಿನ ತಟ್ಟೆಯ ನಡುವೆ ಎತ್ತರಿಸಿ ಇಡಬಹುದು, ಬೆಲ್ಲದ ಡಬ್ಬಿಗೆ ಮಾಡುವ ಹಾಗೆ.

ಸಿಕ್ಕ ತಾರೀಕು ಬರೆದಿಡಿ. ಒಂದೂವರೆಯಿಂದ ಎರಡು ತಿಂಗಳು, ಕೆಲವೊಮ್ಮೆ ಇನ್ನೂ ಹೆಚ್ಚು ಕಾಯಬೇಕು. ಎಲ್ಲ ಮೊಟ್ಟೆಯೂ ಒಡೆಯುವುದಿಲ್ಲ. ಅದನ್ನೂ ಮಗನಿಗೆ ಮೊದಲೇ ಹೇಳಿರಿ. ಹೊರಬಂದ ಮರಿ, ಬಾಲವೂ ಸೇರಿ, ನಾಲ್ಕೈದು ಸೆಂಟಿಮೀಟರ್ ಉದ್ದ. ಅದಕ್ಕೆ ತಾಯಿ ಬೇಕಿಲ್ಲ, ತಾಯಿ ಹಲ್ಲಿಗೂ ಮರಿಯ ಯೋಚನೆಯಿಲ್ಲ. ಅದೇ ಸಂಜೆ ಗೋಡೆಗೆ ಬಿಟ್ಟುಬಿಡಿ. ಬಾಲ ಹಿಡಿಯಬೇಡಿ, ಕಳಚಿ ಬಿದ್ದೀತು. ಹುಳ ಹಿಡಿಯುವುದನ್ನು ಯಾರೂ ಕಲಿಸಬೇಕಿಲ್ಲ.

ಇಷ್ಟನ್ನು ಬರೆದು ಕಳಿಸಿದ್ದೆ. ಮೊನ್ನೆ ಉತ್ತರ ಬಂತು. ಅವರ ದೇವರ ಕೋಣೆಯಲ್ಲಿ, ಪಟವೊಂದರ ಹಿಂದೆ ಎರಡು ಮೊಟ್ಟೆ ಅಂಟಿಕೊಂಡಿವೆಯಂತೆ. ಹುಡುಗ ಗೋಡೆಯ ಮೇಲೆಯೇ ತಾರೀಕು ಬರೆದು ಬೈಸಿಕೊಂಡಿದ್ದಾನೆ. ಅಜ್ಜಿ ಆ ಪಟ ಒಂದನ್ನು ಬಿಟ್ಟು ಉಳಿದವನ್ನು ಒರೆಸುತ್ತಿದ್ದಾರೆ.